ಅಕ್ಕನ ಒಂಟಿ ಬೆಂಡೋಲೆ

ನನ್ನ ಒಡಹುಟ್ಟಿದ ಅಕ್ಕನಿಗೆ ಸಾಕ್ಷಿಕಟ್ಟೆಯಲ್ಲಿ ನಾನೇ ಪ್ರಮಾಣ ಹೇಳಿಕೊಟ್ಟಿದ್ದೇನೆ. ಸತ್ಯವನ್ನೇ ಹೇಳುತ್ತೇನೆ ಎಂದು ನಾನು ಹೇಳಿದೆ, ಆಕೆ ನನ್ನ ಹಿಂದೆಯೇ ಹೇಳಿದಳು. ಅದಾದ ಒಂದು ತಾಸಿನೊಳಗೆ ಆಕೆ ಒಂದು ಸುಳ್ಳು ಹೇಳಿದಳು. ಆ ಸುಳ್ಳನ್ನು ಹಿಂದಿನ ದಿನ ಸಂಜೆ ಹೇಳಿಕೊಟ್ಟವನೂ ನಾನೇ.

ಆಗ ನಾನು ಒಂದು ತಾಲ್ಲೂಕು ಕೋರ್ಟಿನಲ್ಲಿ ಜವಾನ. ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಅಲ್ಲಿದ್ದ ಮ್ಯಾಜಿಸ್ಟ್ರೇಟರಾಗಲಿ, ಸಿಬ್ಬಂದಿಯಾಗಲಿ ತಪ್ಪು ಮಾಡಿದವರಲ್ಲ. ತಪ್ಪು ನನ್ನದು. ನಾನು ಓದಿದ್ದು ಏಳನೇ ತರಗತಿ. ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಬೆಳಿಗ್ಗೆ ಆ ದಿನದ ಫೈಲುಗಳನ್ನು ಮೇಜಿನ ಮೇಲೆ ಜೋಡಿಸುವುದು, ಕೇಸು ಬಂದಾಗ ಹೊರಗಿನ ವರಾಂಡಕ್ಕೆ ಬಂದು ಹೆಸರು ಹಿಡಿದು ಮೂರು ಸಲ ಕೂಗುವುದು, ಸಾಕ್ಷಿಗೆ ಪ್ರಮಾಣ ಹೇಳಿಕೊಡುವುದು, ಹೇಳಿಕೆ ಟೈಪಾದ ಮೇಲೆ ಸಹಿ ಬಾರದವರ ಹೆಬ್ಬೆರಳನ್ನು ಶಾಯಿಗೆ ಒತ್ತಿಸಿ ಹಾಳೆಯ ಮೇಲೆ ಇಡಿಸುವುದು. ಪೊಲೀಸರು ವಶಪಡಿಸಿಕೊಂಡು ತಂದ ಮಾಲನ್ನು ಇಡುವ ಕೋಣೆಯ ಬೀಗ ಗುಮಾಸ್ತರ ಕೈಯಲ್ಲಿತ್ತು. ಆ ಮಾಲಿಗೆ ನಾವು ಮುದ್ದೆಮಾಲು ಎನ್ನುತ್ತಿದ್ದೆವು. ಅದನ್ನು ಒಳಗಿಡುವುದು, ಹೊರಗೆ ತರುವುದು ನಾನು.

ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹಿಂದಿನ ಕೋರ್ಟಿನಲ್ಲಿ ಕೇಸಿನ ಒಬ್ಬ ಪಕ್ಷಗಾರನ ಜೊತೆ ಚಹಾದಂಗಡಿಯಲ್ಲಿ ಕೂತು ಮಾತಾಡಿದ್ದಕ್ಕೆ ನನಗೊಂದು ನೋಟಿಸ್ ಕೊಟ್ಟಿದ್ದರು. ಆಮೇಲೆ ಈ ಊರಿಗೆ ಕಳಿಸಿದರು. ಖಾಯಂ ಮಾಡುವ ಫೈಲು ಬಳ್ಳಾರಿಯಲ್ಲಿತ್ತು. ಇನ್ನೊಂದು ದೂರು ಬಂದರೆ ಅದು ಅಲ್ಲಿಯೇ ಉಳಿಯುತ್ತದೆ ಎಂದು ನಮ್ಮ ಗುಮಾಸ್ತರು ಎರಡು ಮೂರು ಸಲ ಹೇಳಿದ್ದರು.

ಅಕ್ಕನನ್ನು ಹೂವಿನಹಡಗಲಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ನಮ್ಮ ತವರು ತಂಬ್ರಹಳ್ಳಿ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಮದುವೆಯಾಗಿತ್ತು. ಆಕೆ ನನ್ನನ್ನು ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಸಾಕಿದಳು. ನಾನು ಹೇಳುತ್ತಿರುವ ಕಾಲಕ್ಕೆ ಆಕೆಗೆ ಎಪ್ಪತ್ತರ ಹತ್ತಿರ. ಗಂಡ ಇರಲಿಲ್ಲ, ಮಗ ಸೊಸೆ ಇದ್ದರು. ಅವರ ಮಲ್ಲಿಗೆ ತೋಟದ ಹೂವನ್ನು ಅಕ್ಕನೇ ಮೊದಲ ಬಸ್ಸಿಗೆ ಹಾಕಿಕೊಂಡು ನಾನಿದ್ದ ಊರಿಗೆ ತಂದು, ಬಸ್ ನಿಲ್ದಾಣದ ಹಿಂದಿನ ಹೂವಿನ ಕಟ್ಟೆಯಲ್ಲಿ ಕೊಟ್ಟು, ಎರಡನೆಯ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ನನ್ನ ಮನೆ ಊರಿನ ಇನ್ನೊಂದು ತುದಿಗಿತ್ತು. ತಿಂಗಳಿಗೊಂದು ಸಲ ಬಂದರೆ ಹೆಚ್ಚು. ಹೀಗಾಗಿ ಆಕೆ ನನ್ನ ಅಕ್ಕ ಎಂದು ಕೋರ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಬೆಳಗಾಗುವ ಹೊತ್ತಿಗೆ, ಬಸ್ಸಿಳಿದು ಹೂವಿನ ಗಂಟು ತಲೆಯ ಮೇಲಿಟ್ಟುಕೊಂಡು ಕಟ್ಟೆಯ ಕಡೆ ನಡೆಯುವಾಗ, ಒಬ್ಬ ಹಿಂದಿನಿಂದ ಬಂದು ಆಕೆಯ ಬಲಗಿವಿಯ ಬೆಂಡೋಲೆಯನ್ನು ಕಿತ್ತುಕೊಂಡು ಓಡಿದ. ಎರಡೂ ಕೈ ಗಂಟಿನ ಮೇಲಿದ್ದವು. ಕಿವಿಯ ಹಾಲೆ ಕೆಳಗಿನ ತನಕ ಹರಿಯಿತು. ಆ ಬೆಂಡೋಲೆಗಳು ಅವ್ವನವು. ನಡುವೆ ಕೆಂಪು ಹರಳು, ಸುತ್ತ ಏಳು ಬಿಳಿ ಹರಳು, ಹಿಂದೆ ತಿರುಪು. ಅಕ್ಕ ಅವನ್ನು ಕಿವಿಯಿಂದ ತೆಗೆದದ್ದನ್ನು ನಾನು ನೋಡಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಸುದ್ದಿ ತಿಳಿದು ನಾನು ಹೋದೆ. ಆಕೆಯ ಮಗ ಹಳ್ಳಿಯಿಂದ ಬರುವ ತನಕ ಕೂತಿದ್ದು, ಪೊಲೀಸ್ ಠಾಣೆಗೆ ಅವನೊಬ್ಬನನ್ನೇ ಕಳಿಸಿದೆ. ಕೋರ್ಟಿನವನು ಠಾಣೆಯ ಮೆಟ್ಟಿಲು ಹತ್ತಿದರೆ ನಾಲ್ಕು ಮಾತು ಬರುತ್ತವೆ ಎಂದು ಅವನಿಗೆ ಹೇಳಿದೆ. ಅದು ನಿಜವೂ ಹೌದು. ಎಡಗಿವಿಯ ಬೆಂಡೋಲೆಯನ್ನೂ ಬಿಚ್ಚಿ ಮನೆಯ ಡಬ್ಬಿಯಲ್ಲಿಟ್ಟು, ಎರಡು ದಿನದ ಮೇಲೆ ಅಕ್ಕ ಪೊಲೀಸರ ಮುಂದೆ ಹೇಳಿಕೆ ಕೊಟ್ಟಳು. ಬಸ್ ನಿಲ್ದಾಣದ ಕಂಬದ ದೀಪದಲ್ಲಿ ಅವನ ಮುಖ ನೋಡಿದ್ದೇನೆ, ಜೋಡಿಯ ಇನ್ನೊಂದು ಬೆಂಡೋಲೆ ನನ್ನ ಹತ್ತಿರ ಮನೆಯಲ್ಲಿದೆ ಎಂದು ಹೇಳಿದ್ದನ್ನು ಅವರು ಬರೆದುಕೊಂಡರು. ಹೇಳುವಾಗ ಅದು ನಿಜವೇ ಆಗಿತ್ತು.

ಎರಡು ತಿಂಗಳಿಗೆ ನನ್ನ ಮಗಳ ಮದುವೆ. ನಮ್ಮ ಮನೆತನದಲ್ಲಿ ಹೆಣ್ಣಿನ ತಾಳಿಗೆ ಸೋದರತ್ತೆಯ ಕಡೆಯಿಂದ ಗುಂಜಿಯಷ್ಟಾದರೂ ಬಂಗಾರ ಸೇರಬೇಕು. ಹೊಸದಾಗಿ ಕೊಂಡು ಕೊಟ್ಟರೆ ನಡೆಯುವುದಿಲ್ಲ, ಆಕೆಯ ಮೈಮೇಲಿನದೇ ಆಗಬೇಕು. ಮದುವೆಗೆ ಕರೆಯಲು ಹೋದಾಗ ಆ ಒಂಟಿ ಬೆಂಡೋಲೆಯನ್ನು ನಾನೇ ಕೇಳಿದೆ. ಕಿವಿಯಂತೂ ಹರಿದಿದೆ, ಒಂದೇ ಓಲೆ ಇಟ್ಟುಕೊಂಡು ಏನು ಮಾಡುತ್ತೀ, ಹೋದದ್ದು ಎಲ್ಲಿ ಸಿಗುತ್ತದೆ ಎಂದೆ. ಪೊಲೀಸರು ಅದನ್ನು ಜೋಪಾನವಾಗಿಡು ಅಂದಿದ್ದಾರೆ ಎಂದು ಅಕ್ಕ ಹೇಳಿದಳು. ಇಂಥ ನೂರು ಕೇಸು ನೋಡಿದ್ದೇನೆ ಎಂದು ನಾನು ಹೇಳಿದೆ. ಆಕೆ ಒಳಗೆ ಹೋಗಿ ಡಬ್ಬಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟಳು. ಕೊಟ್ಟೂರಿನ ಅಕ್ಕಸಾಲಿ ನನ್ನ ಕಣ್ಣೆದುರಿಗೇ ಅದನ್ನು ಕರಗಿಸಿ ತಾಳಿಯ ಎರಡು ಗುಂಡು ಮಾಡಿದ. ಹರಳುಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟ. ಆ ಕಾಗದ ಮದುವೆಯ ಗದ್ದಲದಲ್ಲಿ ಎಲ್ಲೋ ಹೋಯಿತು.

ಮದುವೆಯಾಗಿ ಮೂರು ತಿಂಗಳಿಗೆ ಪೊಲೀಸರು ಒಬ್ಬನನ್ನು ಹಿಡಿದರು. ಅವನು ತೋರಿಸಿದ ಗಿರವಿ ಅಂಗಡಿಯಿಂದ ಒಂದು ಬೆಂಡೋಲೆ ವಶಪಡಿಸಿಕೊಂಡು ಪಂಚನಾಮೆ ಮಾಡಿದರು. ಅದು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿಸಿಕೊಂಡು ನಮ್ಮ ಕೋರ್ಟಿಗೇ ಬಂತು. ಗುಮಾಸ್ತರು ಬಿಚ್ಚಿ ನೋಡಿ ಪುಸ್ತಕದಲ್ಲಿ ಬರೆಯುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಒಂದು ಬಂಗಾರದ ಬೆಂಡೋಲೆ, ನಡುವೆ ಕೆಂಪು ಹರಳು, ಸುತ್ತ ಏಳು ಬಿಳಿ ಹರಳು, ತಿರುಪು ಇಲ್ಲ. ಮತ್ತೆ ಕಟ್ಟಿ ನನ್ನ ಕೈಗೆ ಕೊಟ್ಟರು. ನಾನು ಒಳಗೆ ಹೋಗಿ ಕಪಾಟಿನ ಮೇಲಿನ ಸಾಲಿನಲ್ಲಿ ಇಟ್ಟು ಬಂದೆ.

ಅವತ್ತೇ ಗುಮಾಸ್ತರಿಗೆ ಹೇಳಬೇಕಿತ್ತು. ಈ ಕೇಸಿನ ಫಿರ್ಯಾದಿ ನನ್ನ ಅಕ್ಕ ಎಂದರೆ ಮ್ಯಾಜಿಸ್ಟ್ರೇಟರು ಆ ಫೈಲಿನಿಂದ ನನ್ನನ್ನು ದೂರ ಇಡುತ್ತಿದ್ದರು, ಇಲ್ಲವೆ ಬೇರೆ ಕೋರ್ಟಿಗೆ ಕಳಿಸುತ್ತಿದ್ದರು. ಅಷ್ಟೇ. ಆದರೆ ಹಿಂದಿನ ನೋಟಿಸು ತಲೆಯಲ್ಲಿತ್ತು. ಒಳಗಿದ್ದರೆ ಅಕ್ಕನಿಗೇ ಅನುಕೂಲ, ವಾಯಿದೆ ಗೊತ್ತಾಗುತ್ತದೆ, ಮಾಲಿನ ಮೇಲೆ ಕಣ್ಣಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನಿಗೆ ಸಮನ್ಸ್ ಹೋದಾಗ ಆಕೆಯ ಮಗನ ಕೈಯಲ್ಲಿ ಹೇಳಿ ಕಳಿಸಿದೆ: ಕೋರ್ಟಿನಲ್ಲಿ ನನ್ನನ್ನು ಮಾತಾಡಿಸುವುದು ಬೇಡ, ಗುರುತಿದ್ದಂತೆ ತೋರಿಸಿಕೊಳ್ಳುವುದು ಬೇಡ.

ಅಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು.

ಸಾಕ್ಷಿ ಹೇಳಲು ಆಕೆ ಐದು ಸಲ ಬಂದಳು. ಒಂದು ಸಲ ಆರೋಪಿಯ ವಕೀಲರಿಗೆ ಬೇರೆ ಊರಿನಲ್ಲಿ ಕೆಲಸ. ಒಂದು ಸಲ ಮ್ಯಾಜಿಸ್ಟ್ರೇಟರು ರಜೆ. ಒಂದು ಸಲ ತನಿಖೆ ಮಾಡಿದ ಅಧಿಕಾರಿ ಬಂದೋಬಸ್ತಿಗೆ ಹೋಗಿದ್ದರು. ಪ್ರತಿ ಸಲವೂ ಆಕೆ ಹೂವು ಮಾರಿ ನೆಟ್ಟಗೆ ಕೋರ್ಟಿಗೆ ಬರುತ್ತಿದ್ದಳು. ಹನ್ನೊಂದರಿಂದ ಐದರ ತನಕ ವರಾಂಡದ ಬೆಂಚಿನ ಮೇಲೆ ಕೂತು, ಉಳಿದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಅಲ್ಲಿ ಬಂದ ಹೆಂಗಸರಿಗೆ ತುಂಡು ತುಂಡು ಹರಿದು ಕೊಡುತ್ತಿದ್ದಳು. ಜಾಮೀನಿಗೆ ಬಂದವರು, ಜೀವನಾಂಶಕ್ಕೆ ಬಂದವರು ಎಲ್ಲರೂ ಮುಡಿದುಕೊಂಡೇ ಒಳಗೆ ಬರುತ್ತಿದ್ದರು. ಇವತ್ತು ಕೋರ್ಟೋ ಸೀಮಂತವೋ ಎಂದು ಒಬ್ಬ ವಕೀಲರು ನಗೆಯಾಡಿದರು. ವರಾಂಡದಲ್ಲಿ ಕಸವಾಗುತ್ತದೆ ಎಂದು ನಾನು ಅಕ್ಕನಿಗೆ ಎಲ್ಲರ ಎದುರಿಗೇ ಗದರಿದೆ. ಆಕೆ ನಾರಿನ ಚೂರುಗಳನ್ನು ಆಯ್ದು ಉಡಿಯಲ್ಲಿ ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ.

ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಅವನೂ ಅದೇ ವಾಯಿದೆಗಳಿಗೆ ಬಂದು ಅದೇ ವರಾಂಡದಲ್ಲಿ ಕೂರಬೇಕು. ಬೇರೆ ಜಾಗವಿಲ್ಲ. ಮೂವತ್ತರ ಆಸುಪಾಸಿನವನು, ಕೆಲಸ ಗ್ಯಾರೇಜಿನಲ್ಲಿ. ನಾಲ್ಕನೆಯ ವಾಯಿದೆಯ ದಿನ ಬಿಸಿಲು ಜೋರಾಗಿತ್ತು. ನಾನು ಒಳಗಿನಿಂದ ಫೈಲು ಹಿಡಿದು ಬರುವಾಗ ಅವನು ಹೋಟೆಲಿನಿಂದ ಒಂದು ಲೋಟ ನೀರು ತಂದು ಅಕ್ಕನಿಗೆ ಕೊಡುತ್ತಿದ್ದ. ಅಕ್ಕ ತೆಗೆದುಕೊಂಡು ಎತ್ತಿ ಕುಡಿದಳು. ಅವನ ವಕೀಲರು ಎದುರಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. ಕಳಿಸಿದವರು ಅವರೇ ಇರಬಹುದು, ಗೊತ್ತಿಲ್ಲ. ಕೋರ್ಟಿನೊಳಗೆ ನೀರಿನ ಹೂಜಿ ಇತ್ತು. ತುಂಬುವವನು ನಾನು. ನಾಲ್ಕು ವಾಯಿದೆಗಳಲ್ಲಿ ಒಮ್ಮೆಯೂ ನಾನು ಆಕೆಗೆ ನೀರು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಕೇಸು ಸಡಿಲವಾಗಿತ್ತು. ಗಿರವಿ ಅಂಗಡಿಯವನು ಸಾಕ್ಷಿಗೆ ಬಂದು, ಪೊಲೀಸರು ನನ್ನ ಅಂಗಡಿಯ ಮಾಲನ್ನೇ ಒಯ್ದಿದ್ದಾರೆ, ಈ ಆರೋಪಿ ನನಗೆ ಏನನ್ನೂ ಕೊಟ್ಟಿಲ್ಲ ಎಂದುಬಿಟ್ಟಿದ್ದ. ಪಂಚನಾಮೆಗೆ ಸಾಕ್ಷಿಗಳಾಗಿದ್ದ ಪಂಚರು ಖಾಲಿ ಕಾಗದಕ್ಕೆ ಸಹಿ ಹಾಕಿದ್ದೇವೆ ಎಂದಿದ್ದರು. ಉಳಿದದ್ದು ಅಕ್ಕನ ಮಾತು, ಮತ್ತು ಆ ಬೆಂಡೋಲೆ. ಎಪ್ಪತ್ತರ ಮುದುಕಿ ಬೆಳಗಿನ ಮಬ್ಬಿನಲ್ಲಿ ನೋಡಿದ ಮುಖವನ್ನು ವಕೀಲರು ಸುಲಭವಾಗಿ ಅಲುಗಾಡಿಸುತ್ತಾರೆ. ಬೆಂಡೋಲೆ ಹಾಗಲ್ಲ. ಅದರ ಜೋಡಿಯನ್ನು ತಂದು ಪಕ್ಕದಲ್ಲಿಟ್ಟರೆ ಯಾರೂ ಮಾತಾಡುವಂತಿಲ್ಲ. ಸರ್ಕಾರಿ ವಕೀಲರಿಗೆ ಇದು ಹೊಳೆಯಿತು. ಐದನೆಯ ವಾಯಿದೆಗೆ ಎರಡು ದಿನ ಮುಂಚೆ, ಅಜ್ಜಿಯ ಹತ್ತಿರ ಇನ್ನೊಂದು ಇದೆಯಂತಲ್ಲ, ಅದನ್ನು ತರಲು ಹೇಳು ಎಂದು ಕೋರ್ಟ್ ಡ್ಯೂಟಿಯ ಪೇದೆಗೆ ಹೇಳಿದರು. ಅವನು ಹೂವಿನ ಕಟ್ಟೆಗೆ ಹೋಗಿ ಅಕ್ಕನಿಗೆ ತಿಳಿಸಿದ.

ವಾಯಿದೆಯ ಹಿಂದಿನ ದಿನ ಸಂಜೆ ಅಕ್ಕ ನನ್ನ ಮನೆಗೆ ಬಂದಳು. ಹೆಂಡತಿ ನೀರು ತರಲು ಹೊರಗೆ ಹೋಗಿದ್ದಳು. ಅಕ್ಕ ಕೂರುವ ಮುಂಚೆಯೇ ಮಾತು ತೆಗೆದಳು.

"ಇನ್ನೊಂದು ವಾಲಿ ತಗೊಂಡು ಬಾ ಅಂದಾನ ಪೊಲೀಸು. ನಾಳೆ ಕೇಳ್ತಾರಂತ. ತಮ್ಮನ ಮಗಳ ತಾಳಿಗೆ ಕೊಟ್ಟೀನ್ರಿ, ಕೊಟ್ಟೂರಾಗ ಕರಗಿಸ್ಯಾರ ಅಂತ ಹೇಳ್ತೀನಿ. ಅದರಾಗೇನು ತಪ್ಪೈತಿ?"

ತಪ್ಪೇನೂ ಇರಲಿಲ್ಲ. ಹಾಗೆ ಹೇಳಿದ್ದರೆ ಸರ್ಕಾರಿ ವಕೀಲರು ಕೊಟ್ಟೂರಿನ ಅಕ್ಕಸಾಲಿಯನ್ನು ಸಾಕ್ಷಿಯಾಗಿ ಕರೆಸುತ್ತಿದ್ದರು. ಇಂಥ ಹರಳು, ಇಂಥ ಕೆಲಸದ ಒಂಟಿ ಬೆಂಡೋಲೆಯನ್ನು ಕರಗಿಸಿದ್ದು ನಿಜ ಎಂದು ಅವನು ಹೇಳಿದ್ದರೆ ಕೇಸು ನಿಲ್ಲುತ್ತಿತ್ತು. ಅಂಥದ್ದನ್ನು ನಾನು ನೋಡಿದ್ದೆ. ಆದರೆ ಅಕ್ಕಸಾಲಿಯ ಎದುರು ಕೂತು ಕರಗಿಸಿಕೊಂಡವನು ನಾನು. ಯಾವ ತಮ್ಮ, ಏನು ಮಾಡುತ್ತಾನೆ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ವರ್ಷದಿಂದ ಫಿರ್ಯಾದಿಯ ತಮ್ಮನೇ ಮುದ್ದೆಮಾಲಿನ ಕೋಣೆಗೆ ಹೋಗಿ ಬರುತ್ತಿದ್ದಾನೆ ಎಂದು ಆರೋಪಿಯ ವಕೀಲರು ಎದ್ದು ನಿಲ್ಲುತ್ತಿದ್ದರು. ನನ್ನ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು.

ಇದನ್ನು ಅಕ್ಕನಿಗೆ ಹೀಗೆಯೇ ಹೇಳಬಹುದಿತ್ತು. ನಾನು ಬೇರೆ ಹೇಳಿದೆ.

"ಹಂಗಂದ್ರ ತಾಳಿ ತರಸ್ತಾರಕ್ಕ. ಹುಡುಗೀನ ಸಾಕ್ಷಿಕಟ್ಟಿ ಹತ್ತಿಸಿ, ಕೊಳ್ಳಾಗಿಂದು ಬಿಚ್ಚಿಸಿ, ಚೀಟಿ ಕಟ್ಟಿ, ಮುದ್ರಿ ಹೊಡೆದು ಕಪಾಟಿನಾಗ ಇಡ್ತಾರ. ಕೇಸು ಮುಗಿಯೋ ತನಕ ಅಲ್ಲೇ ಇರತೈತಿ."

ಅಕ್ಕ ಗೋಡೆಗೆ ಒರಗಿ ಕೂತಳು. ಬಹಳ ಹೊತ್ತು ನನ್ನನ್ನೇ ನೋಡಿದಳು. ಆಕೆ ಹೆದರಿದ್ದಾಳೆ ಎಂದುಕೊಂಡೆ.

"ಖರೇನ?"

"ನಾ ದಿನಾ ನೋಡಾವ ಅಲ್ಲೇನು."

"ಹಂಗಾರ ಏನಂತ ಹೇಳ್ಲಿ?"

"ಕಳೀತು ಅನ್ನು. ಮತ್ತೇನೂ ಅನಬ್ಯಾಡ."

ಆಕೆ ಚಹಾ ಕುಡಿಯದೆ ಎದ್ದು ಬಸ್ಸಿಗೆ ಹೋದಳು.

ಮರುದಿನ ಹನ್ನೆರಡರ ಸುಮಾರಿಗೆ ಕೇಸು ಬಂತು. ನಾನು ವರಾಂಡಕ್ಕೆ ಬಂದು ಅಕ್ಕನ ಹೆಸರನ್ನು, ಆಕೆಯ ಗಂಡನ ಹೆಸರನ್ನು, ಊರನ್ನು ಸೇರಿಸಿ ಕೂಗಿದೆ. ಅಕ್ಕ ಬೆಂಚಿನ ಮೇಲೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ಎದ್ದೇಳಲಿಲ್ಲ. ಎರಡನೆಯ ಸಲ ಕೂಗಿದೆ. ತಲೆಯೆತ್ತಿ ನೋಡಿದಳು, ಏಳಲಿಲ್ಲ. ಮೂರನೆಯ ಸಲಕ್ಕೆ ಎದ್ದು, ಹೂವಿನ ಪುಟ್ಟಿಯನ್ನು ಬೆಂಚಿನ ಕೆಳಗೆ ಸರಿಸಿ ಬಂದಳು. ಹರಿದ ಕಿವಿ ಮಂದವಾಗಿರಬೇಕು ಎಂದುಕೊಂಡೆ.

ಸಾಕ್ಷಿಕಟ್ಟೆಗೆ ಒಂದು ಮೆಟ್ಟಿಲಿದೆ. ಆಕೆ ಕಟಕಟೆ ಹಿಡಿದು ಹತ್ತಿದಳು. ನಾನು ಪಕ್ಕದಲ್ಲಿ ನಿಂತು, ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನೂ ಹೇಳುವುದಿಲ್ಲ ಎಂದು ತುಂಡು ತುಂಡಾಗಿ ಹೇಳಿದೆ. "ಹೇಳಮ್ಮ" ಎಂದೆ. ಯಾವ ಮುದುಕಿ ಬಂದರೂ ನಾನು ಅನ್ನುವುದು ಹಾಗೆಯೇ. ಆಕೆ ಒಂದು ಗಳಿಗೆ ತಡೆದು, ಕೈಮುಗಿದು ಹೇಳಿದಳು.

ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ಸಾವಧಾನದ ಮನುಷ್ಯ. ವಯಸ್ಸು ಕೇಳಿದರು.

"ನೀವೇ ಬರಕೊಳ್ರಿ, ಎಷ್ಟು ಕಾಣತೈತೋ ಅಷ್ಟು" ಎಂದಳು ಅಕ್ಕ. ಕೋರ್ಟು ನಕ್ಕಿತು. ಅವರೂ ನಕ್ಕು ಅರವತ್ತೆಂಟು ಎಂದು ಟೈಪು ಮಾಡಿಸಿದರು.

ವಯಸ್ಸಾದ ಸಾಕ್ಷಿಗೆ ಕೂರಲು ಕುರ್ಚಿ ಬೇಕೇ ಎಂದು ನಮ್ಮ ಮ್ಯಾಜಿಸ್ಟ್ರೇಟರು ಕೇಳುವುದಿತ್ತು. ಅವತ್ತು ಮರೆತರು. ಮರೆತಾಗ ನೆನಪಿಸುವುದು, ಅಥವಾ ಸುಮ್ಮನೆ ತಂದಿಡುವುದು ಜವಾನನ ಕೆಲಸ. ಬೇರೆಯವರಿಗಾದರೆ ತಂದಿಡುತ್ತಿದ್ದೆ. ಅವತ್ತು ತರಲಿಲ್ಲ. ಯಾಕೆ ಈಕೆಗೆ ಇಷ್ಟು ಉಪಚಾರ ಎಂದು ಯಾರಾದರೂ ಅಂದಾರು ಎನಿಸಿತು. ಅಕ್ಕ ಒಂದೂವರೆ ತಾಸು ನಿಂತೇ ಇದ್ದಳು.

ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಆಕೆ ಚೆನ್ನಾಗಿ ಉತ್ತರಿಸಿದಳು. ಆರೋಪಿಯನ್ನು ಬೆರಳು ಮಾಡಿ ತೋರಿಸಿದಳು. ನಾನು ಮುದ್ದೆಮಾಲಿನ ಕೋಣೆಯಿಂದ ಬೆಂಡೋಲೆ ತಂದೆ, ಮುದ್ರೆ ಒಡೆದು ಆಕೆಯ ಮುಂದೆ ಹಿಡಿದೆ. ಆಕೆ ಅಂಗೈಯಲ್ಲಿ ಇಟ್ಟುಕೊಂಡು, ಹೆಬ್ಬೆರಳಿನಿಂದ ಕೆಂಪು ಹರಳನ್ನು ತಿಕ್ಕಿ, "ನಮ್ಮವ್ವಂದು" ಎಂದಳು. ನಮ್ಮ ತಾಯಿಯದು ಎಂದು ಟೈಪಾಯಿತು. ಇನ್ನೊಂದು ತಂದಿದ್ದೀರಾ ಎಂದು ಕೇಳಿದಾಗ ಇಲ್ಲ ಎಂದಳು. ಸರ್ಕಾರಿ ವಕೀಲರು ಅಲ್ಲಿಗೆ ನಿಲ್ಲಿಸಿದರು. ಅವರ ಮುಖ ಸಣ್ಣದಾಗಿತ್ತು.

ಆರೋಪಿಯ ವಕೀಲರು ಪಾಟೀಸವಾಲಿಗೆ ಎದ್ದರು. ನಮ್ಮ ಕಡೆಯವರೇ, ಮುದುಕಿಯರ ಹತ್ತಿರ ದನಿ ಏರಿಸುವವರಲ್ಲ.

"ಅಲ್ಲಬೇ ಯಮ್ಮ, ಹೋದ ವಾಯಿದೆಕ್ಕ ಈ ಹುಡುಗ ನಿನಗ ನೀರು ತಂದು ಕೊಟ್ಟನಲ್ಲ, ಕುಡದಿಲ್ಲೋ?"

"ಕುಡದೀನ್ರಿ."

"ನಿನ್ನ ಕಿವಿ ಹರಿದಾವ ಇವನ ಆಗಿದ್ರ ಇವನ ಕೈಯಾಗಿನ ನೀರು ಕುಡೀತಿದ್ದೇನು?"

"ನೀರಡಿಕಿ ಆಗಿತ್ತ್ರಿ. ಮತ್ಯಾರೂ ಕೊಡಲಿಲ್ಲ."

ಕುಡಿದೆ, ನೀರಡಿಕೆಯಾಗಿತ್ತು ಎಂಬುದು ಮಾತ್ರ ದಾಖಲಾಯಿತು. ಕೊನೆಯ ಮಾತು ಪ್ರಶ್ನೆಗೆ ಉತ್ತರವಲ್ಲ ಎಂದು ವಕೀಲರು ಅಂದರು. ನಾನು ಹೂಜಿಯ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಅವರು ಬೆಂಡೋಲೆಗೆ ಬಂದರು. ಇದರ ಜೋಡಿ ಎಲ್ಲಿದೆ ಎಂದು ಕೇಳಿದರು. ಅಕ್ಕ, ಕಳೆಯಿತು ಎಂದಳು. ಯಾವಾಗ ಎಂದರು. ನೆನಪಿಲ್ಲ ಎಂದಳು. ಪೊಲೀಸರಿಗೆ ಮನೆಯಲ್ಲಿದೆ ಎಂದು ಹೇಳಿದ್ದೀಯಲ್ಲ, ಎಲ್ಲಿ ಇಟ್ಟಿದ್ದೆ, ಕಳೆದಾಗ ಯಾರಿಗೆ ಹೇಳಿದೆ, ಯಾಕೆ ದೂರು ಕೊಡಲಿಲ್ಲ ಎಂದು ಒಂದರ ಹಿಂದೆ ಒಂದು ಕೇಳಿದರು. ಅಕ್ಕ ಸುಳ್ಳು ಹೇಳಿ ರೂಢಿಯಿದ್ದವಳಲ್ಲ. ಪ್ರತಿ ಪ್ರಶ್ನೆಗೂ ಬೇರೆ ಬೇರೆ ಹೇಳಿದಳು. ಒಮ್ಮೆ ಡಬ್ಬಿಯಲ್ಲಿತ್ತು ಎಂದಳು, ಒಮ್ಮೆ ಸೆರಗಿನಲ್ಲಿ ಗಂಟು ಹಾಕಿದ್ದೆ ಎಂದಳು. ಇನ್ನೊಂದು ಬೆಂಡೋಲೆ ನಿನ್ನ ಹತ್ತಿರ ಯಾವತ್ತೂ ಇರಲೇ ಇಲ್ಲ, ಗಿರವಿ ಅಂಗಡಿಯವರ ಮಾಲನ್ನು ಪೊಲೀಸರ ಮಾತು ಕೇಳಿ ನನ್ನದು ಎನ್ನುತ್ತಿದ್ದೀ ಎಂದು ಅವರು ಮುಗಿಸಿದರು. ಸುಳ್ಳು ಎಂದು ಅಕ್ಕ ಹೇಳಿದಳು. ಆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದಳು.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ತಾವೇ ಕೇಳಿದರು.

"ಅಜ್ಜಿ, ಹೆದರಬೇಡಿ. ಮನೆಯಲ್ಲಿದೆ ಅಂತ ಮೊದಲು ಹೇಳಿದ್ದೀರಿ, ಈಗ ಕಳೆದಿದೆ ಅಂತೀರಿ. ಯಾರಿಗಾದರೂ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಹೇಳಿ, ತಪ್ಪೇನಿಲ್ಲ."

ಅವರು ಕಾದರು. ಟೈಪಿಸ್ಟ್ ಕೈ ಎತ್ತಿ ಕೂತಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ಫೈಲು ಕಟ್ಟುವಷ್ಟು ಹೊತ್ತು ಇರಬಹುದು. ನಾನು ಆಕೆಯಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಸ್ವಾಮಿ, ಈಕೆ ನನ್ನ ಅಕ್ಕ, ಅದನ್ನು ಕರಗಿಸಿದವನು ನಾನು ಎಂದರೆ ಮುಗಿಯುತ್ತಿತ್ತು. ಬಾಯಿಯವರೆಗೆ ಬಂತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬಾಯಿಯವರೆಗೆ ಬರಲಿಲ್ಲ. ಅಕ್ಕ ಎಲ್ಲಿ ಹೇಳಿಬಿಡುತ್ತಾಳೋ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

"ಇಲ್ರಿ. ಕಳದೈತಿ" ಎಂದಳು.

ಹೇಳಿಕೆ ಓದಿ ಹೇಳಿದರು. ಹೆಬ್ಬೆಟ್ಟು ಒತ್ತಿಸಬೇಕಿತ್ತು. ನಾನು ಆಕೆಯ ಎಡಗೈ ಹಿಡಿದು, ಹೆಬ್ಬೆರಳನ್ನು ಶಾಯಿಯ ಮೇಲೆ ಹೊರಳಿಸಿ, ಪ್ರತಿ ಹಾಳೆಯ ಕೆಳಗೆ ಒತ್ತಿಸಿದೆ. ನಾಲ್ಕು ಹಾಳೆ. ಬೆರಳಿಗೆ ಮೊಗ್ಗಿನ ವಾಸನೆ ಇತ್ತು. ಮೂರನೆಯ ಹಾಳೆಯ ಗುರುತು ಕಲಸಿಕೊಂಡಿತು. ಪಕ್ಕದಲ್ಲಿ ಇನ್ನೊಂದು ಒತ್ತಿಸಿದೆ. ಒರೆಸಿಕೊಳ್ಳಲು ಬಟ್ಟೆ ಕೊಡುವ ಮೊದಲೇ ಆಕೆ ಸೆರಗಿಗೆ ಒರೆಸಿಕೊಂಡು ಇಳಿದುಹೋದಳು.

ತೀರ್ಪು ಬಂದದ್ದು ಒಂದು ತಿಂಗಳ ಮೇಲೆ. ಬೆಂಡೋಲೆ ಫಿರ್ಯಾದಿಯದೇ ಎಂದು ಸಾಬೀತಾಗಿಲ್ಲ, ಜೋಡಿಯ ಬಗ್ಗೆ ಆಕೆಯ ಮಾತು ನಂಬುವಂತಿಲ್ಲ, ಸಂಶಯದ ಲಾಭ ಆರೋಪಿಗೆ. ಅವನನ್ನು ಬಿಟ್ಟರು. ಮುದ್ದೆಮಾಲನ್ನು ಅಪೀಲಿನ ಅವಧಿ ಮುಗಿದ ಮೇಲೆ ಯಾರಿಂದ ವಶಪಡಿಸಿಕೊಂಡರೋ ಅವರಿಗೆ, ಅಂದರೆ ಗಿರವಿ ಅಂಗಡಿಯವನಿಗೆ ಕೊಡಬೇಕು ಎಂದು ಕೊನೆಯ ಸಾಲಿನಲ್ಲಿತ್ತು. ಅಕ್ಕನ ಮಾತು ನಂಬುವಂತಿಲ್ಲ ಎಂಬ ಆ ಹಾಳೆಗಳಿಗೆ ದಾರ ಹಾಕಿ ಹೊಲಿದವನು ನಾನೇ.

ಅಪೀಲಿನ ಅವಧಿ ಮುಗಿಯುವ ತನಕ ಬಾಯಿಬಿಡಲು ನನಗೆ ಇನ್ನೂ ಸಮಯವಿತ್ತು. ಸರ್ಕಾರಿ ವಕೀಲರ ಮನೆ ನನ್ನ ಮನೆಯ ದಾರಿಯಲ್ಲೇ ಇತ್ತು. ದಿನಾ ಅವರ ಬಾಗಿಲ ಮುಂದೆ ಸೈಕಲ್ ನಿಧಾನ ಮಾಡುತ್ತಿದ್ದೆ. ಆ ಅವಧಿಯಲ್ಲೇ ಬಳ್ಳಾರಿಯಿಂದ ನನ್ನ ಖಾಯಂ ಆದೇಶ ಬಂತು. ಕೋರ್ಟಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಅದಾದ ಮೇಲೆ ಸೈಕಲ್ ನಿಧಾನ ಮಾಡುವುದನ್ನೂ ಬಿಟ್ಟೆ.

ಗಿರವಿ ಅಂಗಡಿಯವನು ಒಂದು ಶನಿವಾರ ಬಂದ. ಗುಮಾಸ್ತರು ಬೀಗ ತೆಗೆದರು. ನಾನು ಒಳಗೆ ಹೋಗಿ ಅದೇ ಸಾಲಿನಿಂದ ಗಂಟನ್ನು ತಂದು, ಚೀಟಿ ಬಿಚ್ಚಿ, ಅವನ ಅಂಗೈಗೆ ಹಾಕಿದೆ. ಅವನು ಅದನ್ನು ನೋಡಲೂ ಇಲ್ಲ, ಜೇಬಿಗೆ ಬಿಟ್ಟುಕೊಂಡ. ಪುಸ್ತಕದಲ್ಲಿ ಅವನ ಸಹಿಯಾಯಿತು. ಕೊಟ್ಟವರು ಎಂಬಲ್ಲಿ ನನ್ನ ಸಹಿ.

ಮರುದಿನ ಭಾನುವಾರ ಅಕ್ಕನ ಊರಿಗೆ ಹೋದೆ. ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟುತ್ತಿದ್ದಳು. ಮಗ ಸೊಸೆ ತೋಟದಲ್ಲಿದ್ದರು. ನಾನು ಕೆಳಗೆ ಕೂತು ಎಲ್ಲವನ್ನೂ ಹೇಳಿದೆ. ತಾಳಿಯನ್ನು ಯಾರೂ ಬಿಚ್ಚಿಸುತ್ತಿರಲಿಲ್ಲ, ಅಕ್ಕಸಾಲಿಯ ಮಾತು ಸಾಕಾಗುತ್ತಿತ್ತು, ನಾನು ನನ್ನ ನೌಕರಿಗಾಗಿ ಹಾಗೆ ಹೇಳಿದೆ ಎಂದೆ. ಅವ್ವನ ಓಲೆಯನ್ನು ನಿನ್ನೆ ನನ್ನ ಕೈಯಾರೆ ಗಿರವಿ ಅಂಗಡಿಯವನಿಗೆ ಕೊಟ್ಟೆ ಎಂದೂ ಹೇಳಿದೆ.

ಆಕೆಯ ಬೆರಳು ನಿಲ್ಲಲಿಲ್ಲ.

"ಗೊತ್ತಿತ್ತಲೇ. ವಾಲಿ ತಾ ಅಂತ ಹೇಳಾಕ ಬಂದ ಪೊಲೀಸಿಗೆ ಕೇಳಿದ್ದೆ, ಕರಗಿಸಿದ್ರ ಏನ್ ಮಾಡ್ತಾರಪ್ಪ ಅಂತ. ಕರಗಿಸಿದಾವ ಬಂದು ಹೇಳಿದ್ರ ಆತಬೇ ಅಂದಿದ್ದ. ನಿನ್ನ ಕೇಳೂನು ಅಂತ ಬಂದೆ. ನೀ ತಾಳಿ ಸುದ್ದಿ ತಗದಿ. ನಿನ್ನ ಮಾರಿ ನೋಡಿದೆ. ಸಣ್ಣಾವಿದ್ದಾಗ ಹಾಲಿನ ಗಡಿಗಿ ಒಡೆದು ಬೆಕ್ಕು ಅಂತಿದ್ದೆಲ್ಲ, ಅದ ಮಾರಿ."

ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ, ನಿನ್ನ ಮಾತನ್ನು ನಂಬುವಂತಿಲ್ಲ ಎಂದು ಬರೆದರಲ್ಲ ಎಂದೆ.

"ಬರಕೊಳ್ಲಿ ಬಿಡು. ನನಗೇನು ಓದಾಕ ಬರತೈತಾ?"

ನಾರು ಮುಗಿದಿತ್ತು. ನೀರಿನಲ್ಲಿ ನೆನೆಹಾಕಿದ್ದ ಇನ್ನೊಂದನ್ನು ತೆಗೆದು ಸೀಳಿದಳು. ನಾನು ಎದ್ದುಹೋಗಲೂ ಆಗದೆ ಕೂತಿದ್ದೆ. ಮೊಗ್ಗುಗಳ ಮೇಲೆಯೇ ಕಣ್ಣಿಟ್ಟು ಆಕೆ ಹೇಳಿದಳು.

"ಅವತ್ತು ಮೂರು ಸಲ ಕೂಗಿದಿ. ಮೊದಲನೇ ಸಲಕ್ಕ ಕೇಳಿಸಿತ್ತು ನನಗ. ಈಗರ ಅಕ್ಕ ಅಂತಾನೇನೋ ಅಂತ ಕುಂತಿದ್ದೆ. ಒಳಗೂ ಹೇಳಮ್ಮ ಅಂದಿ."

ಹೊಲಿಗೆ ಹಾಕಿದ್ದರೂ ಹರಿದ ಕಿವಿಯ ಹಾಲೆ ಎರಡು ಸೀಳಾಗಿಯೇ ಮಾಗಿತ್ತು. ಎಡಗಿವಿಯ ತೂತಿನಲ್ಲಿ ಮುಚ್ಚಿಹೋಗದಂತೆ ಬೇವಿನ ಕಡ್ಡಿಯೊಂದನ್ನು ಸಿಗಿಸಿಕೊಂಡಿದ್ದಳು.

"ಅಕ್ಕ" ಎಂದೆ.

ಆಕೆ ಓಗೊಡಲಿಲ್ಲ. ಎರಡನೆಯ ಸಲ ಅಂದೆ. ಮೂರನೆಯ ಸಲಕ್ಕೆ, ಕಟ್ಟಿದ ಮಾಲೆಯ ಒಂದು ತುದಿಯನ್ನು ನನ್ನ ಕಡೆ ಎಸೆದು, "ಹಿಡಿ, ಎಷ್ಟು ಮಾರು ಆತು ನೋಡೂನು" ಎಂದಳು.

ನಾನು ಹಿಡಿದುಕೊಂಡು, ಮಾಲೆ ಬಿಗಿಯಾಗುವ ತನಕ ಹಿಂದೆ ಸರಿದೆ.